ಕತ್ತರಿ ಬಿದ್ದ ಪರೀಕ್ಷೆ

ಕಳೆದ ವಾರ ಲಾಸ್ ಏಂಜಲೀಸ್ ಪಕ್ಕದ ಕಲ್ವರ್ ಸಿಟಿಯ ಒಂದು ಸಲೂನಿನಲ್ಲಿ ಕೂದಲು ಕತ್ತರಿಸಿಕೊಳ್ಳಲು ಕೂತಿದ್ದೆ. ಅಲ್ಲಿನ ಹುಡುಗಿ ಗಾಜಿನ ಜಾಡಿಯ, ಕ್ರಿಮಿ ಕೊಲ್ಲುವ ನೀಲಿ ನೀರಿನಿಂದ ಬಾಚಣಿಗೆ ಎತ್ತಿದಳು. ಆಸ್ಪತ್ರೆಯದೂ ಅಲ್ಲದ, ಸೋಪಿನದೂ ಅಲ್ಲದ ಆ ಘಾಟು ಮೂಗಿಗೆ ಬಡಿದದ್ದೇ ತಡ, ಸ್ಯಾನ್ ಡಿಯಾಗೋದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಪಾರ್ಲರ್ ಆಂಟಿ ಕಣ್ಣ ಮುಂದೆ ಬಂದರು. ಅವರ ಅಡುಗೆಮನೆಯ ಕಟ್ಟೆಯ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ಇಂಥದೊಂದು ನೀಲಿ ಜಾಡಿ ಇರುತ್ತಿತ್ತು. ಮೊದಲ ಸಲ ನೋಡಿದಾಗ ನಾನು ಅದು ಯಾವ ಹಣ್ಣಿನ ಶರಬತ್ತು ಎಂದು ಕೇಳಿದ್ದೆ.

ಎರಡು ಸಾವಿರದ ಇಪ್ಪತ್ತರ ಮಾತು. ನಾನು ಸ್ಯಾನ್ ಡಿಯಾಗೋದ ಲಾ ಹೋಯಾದಲ್ಲಿ ಸಮುದ್ರದ ಪಾಚಿಯ ಮೇಲೆ ಸಂಶೋಧನೆ ಮಾಡುತ್ತಿದ್ದೆ. ವೈರಸ್ ಬಂದು ಲ್ಯಾಬ್ ಮುಚ್ಚಿತು. ಪ್ರಶ್ನೆ ಕೇಳುವುದೇ ನನ್ನ ಹೊಟ್ಟೆಪಾಡು. ಪಾಚಿ ಕೈಗೆ ಸಿಗದೆ ಹೋದಾಗ ಆ ಕುತೂಹಲವೆಲ್ಲ ಕೆಳಗಿನ ಮನೆಯ ಕಡೆ ತಿರುಗಿತು.

ಆಂಟಿ ಹುಬ್ಬಳ್ಳಿಯವರು, ಆಗಲೇ ಐವತ್ತರ ಹತ್ತಿರ. ಗಂಡ ಟೆಲಿಕಾಂ ಇಂಜಿನಿಯರ್. ಹುಬ್ಬಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹದಿನೆಂಟು ವರ್ಷ ಬ್ಯೂಟಿ ಪಾರ್ಲರ್ ನಡೆಸಿದವರು, ಗಂಡನ ಕೆಲಸಕ್ಕಾಗಿ ಅದನ್ನು ಮುಚ್ಚಿ ಬಂದಿದ್ದರು. ಇಲ್ಲಿ ಗ್ರೀನ್ ಕಾರ್ಡ್ ಬಂದದ್ದೇ ಕೂದಲು, ಚರ್ಮದ ಆರೈಕೆ ಕಲಿಸುವ ಕಾಸ್ಮೆಟಾಲಜಿ ಶಾಲೆ ಸೇರಿದರು. ಆಗ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಬೇಕೆಂದರೆ ಸಾವಿರದ ಆರುನೂರು ಗಂಟೆ ಶಾಲೆಯಲ್ಲಿ ಕಲಿಯಬೇಕಿತ್ತು, ಆಮೇಲೆ ಎರಡು ಪರೀಕ್ಷೆ. ನಾಲ್ಕು ಬೀದಿ ಆಚೆಯ ಸಲೂನಿನ ಒಡತಿ, ಲೈಸೆನ್ಸ್ ತಂದರೆ ಒಂದು ಕುರ್ಚಿ ಕೊಡುತ್ತೇನೆ ಎಂದು ಹೇಳಿಟ್ಟಿದ್ದಳು.

"ಹದಿನೆಂಟು ವರ್ಷ ಮಾಡಿದ ಕೆಲಸಾನೇ ಮತ್ತೆ ಕಲಿಯೋಕೆ ಬೇಜಾರಾಗಲ್ವಾ ಆಂಟಿ?" ಎಂದು ಕೇಳಿದ್ದೆ.

"ನಮ್ಮ ಮಂದಿ ನನ್ನ ಕೆಲಸಕ್ಕ ಏನಂತಿದ್ರು ಗೊತ್ತೈತೇನು? ಹುಬ್ಬು ಕೀಳೂದು ಅಂತಿದ್ರು. ಇದೂ ಒಂದು ವಿದ್ಯಾ ಅಂತ ಒಬ್ರೂ ಅನ್ನಲಿಲ್ಲವ್ವಾ. ಪರೀಕ್ಷಾ ಕೊಟ್ಟು, ಪಾಸಾಗಿ, ಸರಕಾರದ ಕಾಗದ ಗ್ವಾಡಿಗೆ ಹಚ್ಚಬೇಕು ನಾ. ಆಮ್ಯಾಲ ಯಾರೇನಂತಾರ ನೋಡೂಣು."

ಅವರಿಗೆ ಕೆಲಸ ಬೇಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಪಾಸ್ ಆಗಬೇಕಿತ್ತು.

ಅವರ ಕಲಿಕೆಗೆ ನನ್ನ ತಲೆಯೇ ಸಿಕ್ಕಿತು. ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದರು. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಹುಬ್ಬು ಮಾಡುವುದು ಅವರ ಹಳೆಯ ರೂಢಿ. ಮಾಸ್ಕ್ ಹಾಕಿಕೊಂಡ ಮೇಲೆ ಹಲ್ಲು ಎಲ್ಲಿ ಸಿಗಬೇಕು? ಎರಡೇ ದಿನದಲ್ಲಿ ದಾರವನ್ನು ಕುತ್ತಿಗೆಗೆ ಸುತ್ತಿಕೊಂಡು ಮಾಡಲು ಕಲಿತರು. ಶಾಲೆಯಿಂದ ತಂದ ಬೊಂಬೆಯ ತಲೆಯೂ ಒಂದಿತ್ತು, ನಿಜವಾದ ಕೂದಲಿನದು. ಅದರ ಹಣೆಗೆ ಆಂಟಿ ಬಿಂದಿ ಹಚ್ಚಿದ್ದರು. ಯಾಕೆ ಎಂದು ಕೇಳಿದರೆ, "ಖಾಲಿ ಹಣಿ ನೋಡಾಕ ಆಗೂದಿಲ್ಲವ್ವಾ" ಎಂದರು.

ಬರೆಯುವ ಪರೀಕ್ಷೆ ಇಂಗ್ಲಿಷಿನಲ್ಲಿ. ಚರ್ಮದ ಪದರಗಳು, ಬ್ಯಾಕ್ಟೀರಿಯಾದ ಜಾತಿಗಳು ಎಲ್ಲವನ್ನೂ ನಾನೇ ಕೂತು ಓದಿಸಿದೆ. ಮೊದಲ ಸಲಕ್ಕೇ ಪಾಸಾದರು. ಉಳಿದದ್ದು ಪ್ರಾಕ್ಟಿಕಲ್. ಇಪ್ಪತ್ತೊಂದರಲ್ಲಿ ಒಂದು ಬೆಳಿಗ್ಗೆ ಬೊಂಬೆಯ ತಲೆ, ಸಾಮಾನಿನ ಸೂಟ್‌ಕೇಸು, ಆಂಟಿ, ಮೂವರನ್ನೂ ಕಾರಿನಲ್ಲಿ ಹಾಕಿಕೊಂಡು ಲಾಸ್ ಏಂಜಲೀಸ್‌ಗೆ ಡ್ರೈವ್ ಮಾಡಿದೆ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಆಂಟಿ ಬೊಂಬೆಯ ಬಿಂದಿ ಕಿತ್ತು ನನ್ನ ಸ್ಟೀರಿಂಗಿಗೆ ಅಂಟಿಸಿ ಒಳಗೆ ಹೋದರು. ಹೊರಬಂದಾಗ ಮುಖ ಅರಳಿತ್ತು. ದಾರಿಯುದ್ದಕ್ಕೂ ಹುಬ್ಬಳ್ಳಿಯ ಮದುವಣಗಿತ್ತಿಯರ ಕಥೆ ಹೇಳುತ್ತಲೇ ಬಂದರು...

ಕೆಲವು ದಿನಗಳ ಮೇಲೆ ಕಾಗದ ಬಂತು. ಫೇಲ್.

ಆಂಟಿ ಎರಡು ದಿನ ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ನಾನೇ ನುಗ್ಗಿದೆ. ಅವರ ದುಃಖ ನನಗೆ ಅರ್ಥವಾಗುತ್ತಿತ್ತು, ಆದರೆ ಸುಳ್ಳು ಯಾಕೆ ಹೇಳಲಿ, ಅದಕ್ಕಿಂತ ಹೆಚ್ಚಾಗಿ ಕಾರಣ ತಿಳಿಯುವ ಚಟ ನನ್ನನ್ನು ಕೊರೆಯುತ್ತಿತ್ತು. ಅಷ್ಟು ಚೊಕ್ಕ ಕೈ ಫೇಲ್ ಆಗುವುದು ಹೇಗೆ? ಪರೀಕ್ಷಾ ಕೇಂದ್ರದೊಳಗೆ ಕಾಲಿಟ್ಟದ್ದರಿಂದ ಹೊರಬಂದದ್ದರವರೆಗೆ ಒಂದೊಂದೇ ಹೆಜ್ಜೆ ಹೇಳಿಸಿದೆ. ಕೂದಲನ್ನು ಭಾಗ ಮಾಡಿದ್ದು, ಸುರುಳಿ ಸುತ್ತಿದ್ದು, ಎಲ್ಲ ಸರಿಯಿತ್ತು.

"ಏನಾದ್ರೂ ಬಿತ್ತಾ ಆಂಟಿ?"

"ಕತ್ತರಿ ಬಿತ್ತು. ಕಾಲಿಗೆ ತಾಗಿತು. ಎತ್ತಿ ಕಣ್ಣಿಗೆ ಒತ್ತಿಕೊಂಡೆ. ಅದ ಕತ್ತರೀಲೆ ಮತ್ತ ಕೆಲಸ ನಡಿಸಿದೆ."

ಅಷ್ಟು ಸಹಜವಾಗಿ ಹೇಳಿದರು. ಅನ್ನ ಕೊಡುವ ಕತ್ತರಿಗೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳದೆ ಇನ್ನೇನು ಮಾಡುತ್ತಾರೆ? ನಾನೂ ಪುಸ್ತಕಕ್ಕೆ ಕಾಲು ತಾಗಿದರೆ ಅದನ್ನೇ ಮಾಡುವವಳು. ಆದರೆ ಆ ಪರೀಕ್ಷೆಯ ಕಣ್ಣು ಇದ್ದದ್ದೇ ಶುಚಿಯ ಮೇಲೆ. ಬಿದ್ದದ್ದನ್ನು ಬಳಸಿದ ಸಾಮಾನಿನ ಡಬ್ಬಿಗೆ ಹಾಕಿ, ಕೈ ಶುಚಿ ಮಾಡಿಕೊಂಡು, ಬೇರೆ ಕತ್ತರಿ ತೆಗೆದುಕೊಳ್ಳಬೇಕು. ಮುಖವನ್ನಂತೂ ಮುಟ್ಟುವ ಹಾಗೇ ಇಲ್ಲ. ಆಂಟಿಗೆ ಈ ನಿಯಮ ಬಾಯಿಪಾಠವಾಗಿತ್ತು. ಕೈಗೆ ಗೊತ್ತಿರಲಿಲ್ಲ, ಅಷ್ಟೆ.

ಮತ್ತೆ ಪರೀಕ್ಷೆಗೆ ಅಪ್ಲೈ ಮಾಡಿದರು. ಅಡುಗೆಮನೆಯಲ್ಲಿ ನಮ್ಮ ತಾಲೀಮು ಶುರುವಾಯಿತು. ಅವರು ಕೆಲಸ ಮಾಡುತ್ತಿರುವಾಗ ನಾನು ಹೇಳದೆ ಕೇಳದೆ ಬಾಚಣಿಗೆಯನ್ನೋ ಕತ್ತರಿಯನ್ನೋ ಅವರ ಕಾಲ ಬಳಿ ಬೀಳಿಸುತ್ತಿದ್ದೆ. ಕೈ ಸೀದಾ ಕಣ್ಣಿಗೆ ಹೋಗುತ್ತಿತ್ತು. "ಥೂ, ಈ ಕೈ ನನ್ನ ಮಾತು ಕೇಳವಲ್ದು" ಎಂದು ಆಂಟಿ ಕೈಗೇ ಏಟು ಕೊಡುತ್ತಿದ್ದರು. ವಾರಗಳು ಕಳೆದ ಮೇಲೆ ಹತ್ತಕ್ಕೆ ಮೂರು ಸಲ, ಆಮೇಲೆ ಐದು ಸಲ ಕೈ ಅರ್ಧದಲ್ಲಿ ನಿಂತಿತು. ಹಾಗೆ ನಿಂತ ದಿನ ನನಗೆ ಖುಷಿ. ಅವರು ಮಾತ್ರ ಕತ್ತರಿ ತೊಳೆಯುವಾಗ ಅದಕ್ಕೆ ಮೆಲ್ಲಗೆ ಏನೋ ಹೇಳುತ್ತಿದ್ದರು. ತಪ್ಪಾಯಿತು ಅನ್ನುತ್ತಿದ್ದರು ಎಂದು ನನ್ನ ಊಹೆ.

ಅಷ್ಟರಲ್ಲಿ ಕಾನೂನೇ ಬದಲಾಯಿತು. ಇಪ್ಪತ್ತೆರಡರಿಂದ ಪ್ರಾಕ್ಟಿಕಲ್ ಪರೀಕ್ಷೆ ಇಲ್ಲ, ಬರೆಯುವುದರಲ್ಲಿ ಪಾಸಾದವರಿಗೆ ಅಷ್ಟೇ ಸಾಕು. ಆಂಟಿಯ ಲೈಸೆನ್ಸ್ ಪೋಸ್ಟಿನಲ್ಲಿ ಬಂತು. ನಾನು ಶಿರಾ ಮಾಡಿಕೊಂಡು ಕೆಳಗೆ ಓಡಿದೆ. ಆಂಟಿ ಲಕೋಟೆಯನ್ನು ಮುಂದಿಟ್ಟುಕೊಂಡು ಕೂತಿದ್ದರು.

"ನಾ ಎಲ್ಲಿ ಪಾಸಾದೆ? ಅವರು ಪರೀಕ್ಷಾನೇ ತೆಗೆದು ಹಾಕಿದ್ರು. ಫೇಲ್ ಆದವಳ ಕಾಗದ ಇದು. ಗ್ವಾಡಿಗೆ ಹ್ಯಾಂಗ ಹಚ್ಚಲಿ?"

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಸಲೂನಿನ ಒಡತಿ ಎರಡು ಸಲ ಫೋನ್ ಮಾಡಿದಳು. ಕೊನೆಗೆ ಆಂಟಿಯೇ ದಾರಿ ಹುಡುಕಿದರು.

"ನೀನ ಪರೀಕ್ಷಾ ತಗೋ. ನೀ ಡಾಕ್ಟರೇಟ್ ಮಾಡಿದಾಕಿ. ಎಲ್ಲಾ ಅಲ್ಲಿ ಹಂಗ ಆಗಬೇಕು. ನಗಬ್ಯಾಡ, ಮಾತಾಡಬ್ಯಾಡ. ತಪ್ಪಿದ್ರ ತಪ್ಪು ಅಂತ ಬರಿ."

ಭಾನುವಾರ ಬೆಳಿಗ್ಗೆ ಅವರ ಡೈನಿಂಗ್ ಟೇಬಲ್ ಪರೀಕ್ಷಾ ಕೇಂದ್ರವಾಯಿತು. ಅಂಕಲ್ ವಾಕಿಂಗ್ ಹೋದರು. ನಾನು ಫೋನಿನಲ್ಲಿ ಸಮಯ ಇಟ್ಟು, ಕಾಗದ ಪೆನ್ನು ಹಿಡಿದು, ಬಿಗಿದ ಮುಖ ಮಾಡಿಕೊಂಡು ಕೂತೆ. ಆಂಟಿ ಅಪರಿಚಿತರ ಹಾಗೆ ನನಗೆ ತಲೆಬಾಗಿ, ಬೊಂಬೆಯ ತಲೆಯ ಮೇಲೆ ಕೆಲಸ ಶುರು ಮಾಡಿದರು. ಏನು ಕೆಲಸ ಅದು... ಒಂದು ಕೂದಲೂ ಸಾಲು ತಪ್ಪಲಿಲ್ಲ.

ಅರ್ಧ ಗಂಟೆ ಆಗಿರಬೇಕು, ಬೆವೆತ ಬೆರಳಿನಿಂದ ಕತ್ತರಿ ಜಾರಿತು. ಈ ಸಲ ನಾನು ಬೀಳಿಸಿದ್ದಲ್ಲ. ಬಲಗಾಲಿಗೆ ತಾಗಿ ನೆಲಕ್ಕೆ ಬಿತ್ತು. ಆಂಟಿ ಬಗ್ಗಿ ಎತ್ತಿದರು. ಕತ್ತರಿಯ ಹಿಡಿ ಎರಡೂ ಕಣ್ಣಿಗೆ ತಾಗಿತು, ರೆಪ್ಪೆ ಬಡಿಯುವಷ್ಟು ಹೊತ್ತು. ಆಮೇಲೆ ಡಬ್ಬಿಗೆ ಹಾಕಿ, ಕೈ ಶುಚಿ ಮಾಡಿಕೊಂಡು, ಹೊಸ ಕತ್ತರಿ ತೆಗೆದು ಮುಂದುವರಿಸಿದರು. ವಿಜ್ಞಾನದ ಲೆಕ್ಕದಲ್ಲಿ ಏನೂ ಕೆಟ್ಟಿರಲಿಲ್ಲ. ಪರೀಕ್ಷೆಯ ಲೆಕ್ಕದಲ್ಲಿ ಅದು ತಪ್ಪೇ.

ನನ್ನ ಪೆನ್ನು ಕಾಗದದ ಮೇಲೇ ಇತ್ತು. ಬರೆಯಲಿಲ್ಲ.

ಮುಗಿದ ಮೇಲೆ ಆಂಟಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ನನ್ನ ಮುಂದೆ ನಿಂತರು.

"ಏನರ ತಪ್ಪಾತೇನು? ಖರೇ ಹೇಳು."

"ಏನೂ ಇಲ್ಲ ಆಂಟಿ. ಪಾಸ್."

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಮಾರನೆಯ ದಿನ ಲೈಸೆನ್ಸಿಗೆ ಚೌಕಟ್ಟು ಹಾಕಿಸಿ, ಸಲೂನಿನ ಕನ್ನಡಿಯ ಪಕ್ಕ ತಮ್ಮ ಕೈಯಾರೆ ತೂಗುಹಾಕಿದರು. ಹುಬ್ಬಳ್ಳಿಗೆಲ್ಲ ಫೋಟೋ ಕಳಿಸಿದರು.

ನನಗೆ ಇಲ್ಲಿ ಕಲ್ವರ್ ಸಿಟಿಯಲ್ಲಿ ಕೆಲಸ ಸಿಕ್ಕಿ ಸ್ಯಾನ್ ಡಿಯಾಗೋ ಬಿಟ್ಟೆ. ಫೋನು ಮೊದಲು ವಾರಕ್ಕೊಂದು, ಆಮೇಲೆ ಹಬ್ಬಕ್ಕೊಂದು... ಹೋದ ವರ್ಷ ಅಂಕಲ್ ಫೋನ್ ಮಾಡಿ ಆಂಟಿ ಹೋಗಿಬಿಟ್ಟರು ಎನ್ನುವವರೆಗೂ ಅವರ ಎದೆನೋವಿನ ವಿಷಯವೇ ನನಗೆ ಗೊತ್ತಿರಲಿಲ್ಲ. ಹಿಂದಿನ ದಿನದವರೆಗೂ ಕುರ್ಚಿಯ ಪಕ್ಕ ನಿಂತು ಕೆಲಸ ಮಾಡಿದ್ದರಂತೆ.

ಕಂಡದ್ದನ್ನೆಲ್ಲ ಕೆದಕಿ ಕೇಳುವವಳು ನಾನು. ಆ ಭಾನುವಾರ ಕೈ ಮರೆತು ಕಣ್ಣಿಗೆ ಹೋಯಿತೋ, ಬೇಕೆಂದೇ ಒತ್ತಿಕೊಂಡರೋ, ನಾನು ನೋಡಿದ್ದು ಅವರಿಗೆ ಗೊತ್ತಿತ್ತೋ, ಇದೊಂದನ್ನು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಗೋಡೆಯ ಮೇಲಿನ ಕಾಗದವನ್ನು ಅವರೇ ಕೆಳಗಿಳಿಸುತ್ತಿದ್ದರೇನೋ ಎಂಬ ಹೆದರಿಕೆ ಇತ್ತು. ಇವತ್ತು ಎದುರಿಗೆ ನಿಂತು ಖರೇ ಹೇಳು ಎಂದರೂ ಪಾಸ್ ಎಂದೇ ಹೇಳುತ್ತೇನೆ. ಕೇಳಲು ಆಂಟಿ ಇಲ್ಲ.