ಹಾಡು ಬಂದಾಗ ಸೇಸಪ್ಪಣ್ಣ ಹೇಳಿದ್ದು

ಸೇಸಪ್ಪಣ್ಣನ ಬಗ್ಗೆ ನನಗೆ ಹದಿನೈದು ವರ್ಷಗಳ ಕಾಲ ಇದ್ದ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಿನಿಮಾ ಹುಚ್ಚು ಹಿಡಿದ, ಬಾಯಿ ಮುಚ್ಚಲು ಬಾರದ ಮನುಷ್ಯ. ಅಬುಧಾಬಿಯ ಹಮ್ದಾನ್ ರಸ್ತೆಯ ಹಿಂದಿನ ಹಳೆಯ ಕಟ್ಟಡದಲ್ಲಿ ಅವರ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಒಂದು ತೆಳು ಗೋಡೆ. ನಾನು ಇಂಡಿಯನ್ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ. ಹೆಸರು ನ್ಯಾನ್ಸಿ; ನಮ್ಮ ಊರ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಅವರ ಮನೆಯವರು ನನ್ನನ್ನು 'ಬಾಯಿ' ಎನ್ನುತ್ತಿದ್ದರು. ವಾರವಿಡೀ ಮಕ್ಕಳ ಗಲಾಟೆ, ಅಪ್ಪ ಅಮ್ಮಂದಿರ ತಕರಾರು ಕೇಳಿ ಸುಸ್ತಾಗಿ, ಶುಕ್ರವಾರ ಚರ್ಚಿಗೆ ಹೋಗಿ ಬಂದು ಸ್ವಲ್ಪ ಕಾಲು ಚಾಚೋಣ ಎಂದರೆ ಗೋಡೆಯಾಚೆ ಶುರುವಾಗುತ್ತಿತ್ತು.

"ಬಂದ, ಬಂದ... ಬಾಗಿಲು ದೂಡಿದ... ಕೈಯಲ್ಲಿ ಚೂರಿ ಉಂಟು... ಅವಳು ಇನ್ನೂ ನೋಡ್ಲಿಲ್ಲ..."

ಪೊರಕೆಯ ಹಿಡಿಯಿಂದ ನಾನು ಗೋಡೆಗೆ ಬಡಿದದ್ದೂ ಉಂಟು. ಒಂದು ನಿಮಿಷ ಸದ್ದು ನಿಲ್ಲುತ್ತಿತ್ತು. ಆಮೇಲೆ ಅದೇ ಸ್ವರ, ಸ್ವಲ್ಪ ಮೆಲ್ಲಗೆ. ಸಿನಿಮಾ ನೋಡಲು ಕಣ್ಣು ಸಾಕಲ್ಲ, ಬಾಯಿ ಯಾಕೆ ಬೇಕು ಎಂದು ನಾನು ಗೊಣಗುತ್ತಿದ್ದೆ. ಆ ಮಾತು ನೆನಪಾದರೆ ಈಗ ನಾಲಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಅವರು ಕಾಪು ಕಡೆಯವರು. ಮದೀನತ್ ಜಾಯೆದ್‌ನ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ಅಲ್ಲಿಂದ ಅಬುಧಾಬಿಗೆ ಮರುಭೂಮಿಯ ದಾರಿಯಲ್ಲಿ ಎರಡು ಗಂಟೆಯ ಪ್ರಯಾಣ. ಗುರುವಾರ ಸಂಜೆ ಕಂಪನಿಯ ಬಸ್ಸಿನಲ್ಲಿ ಬಂದರೆ ಶನಿವಾರ ಬೆಳಕು ಹರಿಯುವ ಮೊದಲು ಹೊರಟಾಯಿತು. ಮನೆಯಲ್ಲಿ ಹೆಂಡತಿ ಹರಿಣಾಕ್ಷಿ, ಮಗಳು ಶರ್ಮಿಳಾ. ತೊಂಬತ್ತಮೂರರಲ್ಲಿ, ಮಗಳಿಗೆ ಐದು ವರ್ಷವಾಗಿದ್ದಾಗ, ಹರಿಣಾಕ್ಷಿಯ ಎರಡೂ ಕಣ್ಣು ಹೋದವು. ಒಳಗಿನ ಒತ್ತಡ ಹೆಚ್ಚಾಗಿ ನರ ಸತ್ತಿದೆ, ಇನ್ನೇನೂ ಮಾಡುವಂತಿಲ್ಲ ಎಂದರು ಡಾಕ್ಟರು. ಊರಿಗೆ ಕಳಿಸಿಬಿಡಿ ಎಂದು ಹೇಳದವರಿಲ್ಲ. ಹೇಳಿದವರಲ್ಲಿ ನಾನೂ ಒಬ್ಬಳು. ಸೇಸಪ್ಪಣ್ಣ ಕಳಿಸಲಿಲ್ಲ.

ಹರಿಣಾಕ್ಷಿಯೂ ಪಾಪ ಎನ್ನಿಸಿಕೊಳ್ಳುವ ಹೆಂಗಸಲ್ಲ. ಬಂಗುಡೆ ತಾಜಾವೋ ನಿನ್ನೆಯದೋ ಎಂದು ಚೀಲ ಬಿಚ್ಚುವ ಮೊದಲೇ ಹೇಳುತ್ತಿದ್ದಳು. ಅವಳ ಮನೆಯ ಕುರ್ಚಿಯನ್ನು ನಾನು ಒಂದು ಗೇಣು ಸರಿಸಿ ಮರೆತು ಬಂದರೆ ಸಂಜೆ ಫೋನಿನಲ್ಲಿ ಬೈಗುಳ ಗ್ಯಾರಂಟಿ. ಮಗಳಿಗೆ ಮಾತ್ರ ಅಮ್ಮನ ಕೈ ಎಂದರೆ ಮುಜುಗರ. ಹತ್ತು ವರ್ಷ ದಾಟಿದ ಮೇಲೆ ಶರ್ಮಿಳಾ ಮುಖ ಮುಟ್ಟಿಸಿಕೊಳ್ಳುವುದನ್ನೇ ಬಿಟ್ಟಳು. "ಅಮ್ಮ, ಪ್ಲೀಸ್, ಸ್ಟಾಪ್" ಎಂದು ತಲೆ ಹಿಂದೆ ಎಳೆಯುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ಎರಡು ಸಾವಿರದ ಎಂಟರಲ್ಲಿ ಕಟ್ಟಡ ಕೆಡವುತ್ತಾರೆಂದು ಎಲ್ಲರಿಗೂ ನೋಟಿಸು ಬಂತು. ಆಗ ಬಾಡಿಗೆಯ ಮಾತೆತ್ತಿದರೆ ಎದೆ ಧಸಕ್ಕೆನ್ನುವ ಕಾಲ. ನಾನು ಬನಿಯಾಸ್‌ನಲ್ಲಿರುವ ತಂಗಿಯ ಮನೆಗೆ ಹೋಗುವುದೆಂದಾಯಿತು. ಅವರಿಗೆ ಸಿಕ್ಕಿದ್ದು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾವನ್ನು ಹಲಗೆ ಹೊಡೆದು ಪಾಲು ಮಾಡಿದ್ದರಲ್ಲಿ ಒಂದೇ ಕೋಣೆ. ಮೂರು ಜನ ಮಲಗಿದರೆ ನಾಲ್ಕನೆಯವರು ನಿಂತೇ ಇರಬೇಕು. ಎರಡು ಬೆಡ್‌ರೂಮಿನ ಸಾಮಾನು ಅದರಲ್ಲಿ ಹಿಡಿಸುವ ಮಾತೇ ಇಲ್ಲ. ಸೋಫಾ ಹೋಯಿತು, ಊಟದ ಮೇಜು ಹೋಯಿತು. ಉಳಿದದ್ದು ಬೆಡ್‌ರೂಮಿನ ಒಂದು ಗೋಡೆಯುದ್ದಕ್ಕೂ ಜೋಡಿಸಿದ್ದ ಸಿನಿಮಾ ಕ್ಯಾಸೆಟ್‌ಗಳು. ಹಿಂದಿ, ಕನ್ನಡ, ಕೆಲವು ಮಲಯಾಳ. ಎಣಿಸಿದರೆ ಇನ್ನೂರ ಹನ್ನೆರಡು.

"ಖಲಾಸ್, ಆಂಟಿ. ಎಲ್ಲಾ ಡಸ್ಟ್‌ಬಿನ್‌ಗೆ" ಎಂದಳು ಶರ್ಮಿಳಾ. ಆಗ ಅವಳಿಗೆ ಇಪ್ಪತ್ತು. ತಾನು ತಂದಿದ್ದ ಒಂದು ಜಿಪ್ ಫೋಲ್ಡರು ತೋರಿಸಿದಳು. "ಅಮ್ಮನಿಗೆ ಇಷ್ಟ ಇರೋ ಮೂವೀಸ್ ಎಲ್ಲಾ ಡಿವಿಡಿ ತಂದಿದ್ದೇನೆ. ಬೆಟರ್ ಸೌಂಡ್. ಈ ಕ್ಯಾಸೆಟ್ ಯಾರಿಗೆ ಬೇಕು?"

ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಳು, ತನ್ನ ಮೊದಲ ಸಂಬಳದಲ್ಲಿ. ನನಗೂ ಸರಿ ಎನಿಸಿತು. ಹರಿಣಾಕ್ಷಿ ಆ ಫೋಲ್ಡರಿನ ಜಿಪ್ಪನ್ನು ಒಮ್ಮೆ ಎಳೆದು, ಮತ್ತೆ ಮುಚ್ಚಿದಳು. "ಆಯ್ತು ಮಗಾ, ನೀನು ಹೇಳಿದ ಹಾಗೆ" ಎಂದು ಅಡುಗೆಮನೆಗೆ ಪಾತ್ರೆ ಕಟ್ಟಲು ಹೋದಳು. ಸೇಸಪ್ಪಣ್ಣ ಹೆಂಡತಿಯ ಬೆನ್ನನ್ನು ನೋಡಿ, ನನ್ನನ್ನು ನೋಡಿ, ಸೂಪರ್‌ಮಾರ್ಕೆಟ್ಟಿನಿಂದ ಖಾಲಿ ಪೆಟ್ಟಿಗೆ ತರುತ್ತೇನೆಂದು ಇಳಿದುಹೋದರು. ಹದಿನೈದು ವರ್ಷ ಬಾಯಿ ಮುಚ್ಚದವರು ಆವತ್ತು ಮುಚ್ಚಿದರು.

ಮನೆಯಲ್ಲಿ ಎರಡು ವಿಸಿಆರ್ ಇದ್ದವು. ಯಾರಿಗಾದರೂ ಕೊಡುವ ಮೊದಲು ಓಡುತ್ತದೋ ಇಲ್ಲವೋ ನೋಡೋಣವೆಂದು ನಾನು ಕೈಗೆ ಸಿಕ್ಕಿದ ಕ್ಯಾಸೆಟ್ ತುರುಕಿದೆ. ಹರಿಣಾಕ್ಷಿ ಯಾವಾಗಲೂ ಹೆಡ್‌ಫೋನ್ ಹಾಕಿಯೇ ಸಿನಿಮಾ ಕೇಳುತ್ತಿದ್ದಳು, ಮಗಳ ಓದಿಗೆ ತೊಂದರೆ ಆಗಬಾರದೆಂದು. ಆ ಹೆಡ್‌ಫೋನ್ ಆಗಲೇ ಪೆಟ್ಟಿಗೆ ಸೇರಿತ್ತು. ಹಾಗಾಗಿ ಸದ್ದು ಟಿವಿಯಿಂದಲೇ ಬಂತು.

ಯಾವುದೋ ಪೊಲೀಸ್ ಅಣ್ಣ, ಕಳ್ಳ ತಮ್ಮನ ಕಥೆ. ಅಣ್ಣ ಮಾತಾಡಿ ನಿಲ್ಲಿಸಿದ ಕೂಡಲೇ ಸೇಸಪ್ಪಣ್ಣನ ಸ್ವರ: "ತಮ್ಮ ತಲೆ ತಗ್ಗಿಸಿದ. ಅಣ್ಣ ಹೆಗಲು ಮುಟ್ಟಲಿಕ್ಕೆ ಕೈ ಎತ್ತಿದ, ಮುಟ್ಟಲಿಲ್ಲ." ತಮ್ಮ ಬಾಯಿ ತೆರೆಯುವಷ್ಟರಲ್ಲಿ ಸೇಸಪ್ಪಣ್ಣ ಮೌನ. ಒಂದು ಮಾತಿನ ಮೇಲೂ ಅವರ ಮಾತು ಬಿದ್ದಿರಲಿಲ್ಲ.

ನನಗೆ ಆಗ ಅರ್ಥವಾಯಿತು. ಪೊರಕೆಯಿಂದ ನಾನು ಬಡಿದದ್ದು ಇದಕ್ಕೆ. ಒಂದು ವಿಸಿಆರ್‌ನಲ್ಲಿ ಸಿನಿಮಾ ಓಡಿಸಿ, ಇನ್ನೊಂದರಲ್ಲಿ ಅದರ ನಕಲು ಇಳಿಸುತ್ತಾ, ಬೆಡ್‌ರೂಮಿನ ಬಾಗಿಲು ಹಾಕಿಕೊಂಡು, ನಡುವೆ ಮೈಕು ಹಿಡಿದು ಆ ಮನುಷ್ಯ ತೆರೆಯ ಮೇಲೆ ಕಾಣುವುದನ್ನೆಲ್ಲ ಹೆಂಡತಿಗಾಗಿ ಮಾತಿನಲ್ಲಿ ತುಂಬಿಸಿಟ್ಟು ಹೋಗುತ್ತಿದ್ದರು. ಅವರು ಮದೀನತ್ ಜಾಯೆದ್‌ನಲ್ಲಿರುವ ಅಷ್ಟೂ ದಿನ ಅವಳು ಒಬ್ಬಳೇ ಕೂತು ನೋಡಲೆಂದು. ಮಗಳೂ ನನ್ನ ಹಾಗೆ ಅದನ್ನು ಅಪ್ಪನ ಸಿನಿಮಾ ಹುಚ್ಚೆಂದೇ ತಿಳಿದಿದ್ದಳು. ಕಪಾಟಿನ ಕೆಳಗೆ ಇದ್ದ ನೋಟುಪುಸ್ತಕಗಳ ಕಟ್ಟನ್ನು ಬಿಚ್ಚಿದೆ. ಪ್ರತಿ ಸಿನಿಮಾಕ್ಕೂ ನಾಲ್ಕೈದು ಹಾಳೆ: ಎಲ್ಲಿ ಮಾತು ನಿಲ್ಲುತ್ತದೆ, ಎಷ್ಟು ಸೆಕೆಂಡು ಖಾಲಿ ಇದೆ, ಅಷ್ಟರಲ್ಲಿ ಏನು ಹೇಳಬೇಕು, ಏನು ಬಿಡಬೇಕು. ಸ್ಟೋರಿನ ನಟ್ಟು ಬೋಲ್ಟು ಬರೆಯುವ ಕೈಯಲ್ಲಿ, ಅದೇ ಗುಂಡು ಅಕ್ಷರದಲ್ಲಿ.

"ಆಂಟಿ, ಲುಕ್" ಎಂದಳು ಶರ್ಮಿಳಾ. ತೆರೆಯ ಮೇಲೆ ಹಾಡು ಶುರುವಾಗಿತ್ತು.

"ಈಗ ಹಾಡು" ಎಂದಿತು ಸೇಸಪ್ಪಣ್ಣನ ಸ್ವರ. "ಹೂವಿನ ತೋಟದಲ್ಲಿ ಕುಣೀತಾರೆ, ಅದು ಬಿಡು. ಶರ್ಮಿಗೆ ಮೇಲಿನ ಎರಡು ಹಲ್ಲು ಬಿದ್ದಿದೆ. ನಗುವಾಗ ಕೈ ಅಡ್ಡ ಹಿಡೀತಾಳೆ. ನಿನ್ನೆ ಹಿಡೀಲಿಕ್ಕೆ ಮರೆತಳು, ಆಗ ನೋಡಿದೆ. ನಿನ್ನ ಅಪ್ಪ ನಗುವ ಹಾಗೆಯೇ ಹರಿಣಾ, ಮುಖ ಇಡೀ."

ಪೆಟ್ಟಿಗೆಯ ಟೇಪು ಕತ್ತರಿಸುತ್ತಿದ್ದ ಶರ್ಮಿಳಾ ಕತ್ತರಿ ಕೆಳಗಿಟ್ಟಳು. ನಾನು ಆ ಕ್ಯಾಸೆಟ್ ತೆಗೆದು ಇನ್ನೊಂದು ಹಾಕಿದೆ, ಹಾಡು ಬರುವ ತನಕ ಓಡಿಸಿದೆ.

"ಶರ್ಮಿ ಉದ್ದ ಆಗಿದ್ದಾಳೆ. ಫ್ರಿಡ್ಜಿನ ಹಿಡಿಕೆಯ ಹತ್ರ ಕಿವಿ ಬರ್ತದೆ. ಹುಬ್ಬು ನಿಂದೇ. ಎಡ ಹುಬ್ಬಿನಲ್ಲಿ ಬಿದ್ದ ಗಾಯದ ಗುರುತು ಈಗ ಕಾಣುದಿಲ್ಲ, ಕೂದಲು ಬಂದು ಮುಚ್ಚಿದೆ. ನೀನು ಇನ್ನು ಅದಕ್ಕೆ ಬೇಸರ ಮಾಡಬೇಡ."

ಮತ್ತೊಂದು.

"ಮುಖ ತುಂಬ ಮೊಡವೆ ಬಂದಿದೆ. ಬಾಗಿಲು ಹಾಕಿ ಕೂರುದು ಅದಕ್ಕೇ. ನಿನ್ನ ಮೇಲಿನ ಸಿಟ್ಟಲ್ಲ ಮಾರಾಯ್ತಿ, ಕನ್ನಡಿಯ ಮೇಲೆ."

ಆ ಮಾತಿಗೆ ಶರ್ಮಿಳಾ ನೆಲದ ಮೇಲೆಯೇ ಕೂತುಬಿಟ್ಟಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದೂ ಗೊತ್ತಾಗಲಿಲ್ಲ. ನಾಲ್ಕನೆಯದು ಅವಳು ಶಾಲೆ ಮುಗಿಸಿದ ವರ್ಷದ್ದು. "ಇವತ್ತು ಅವಳು ನಿನ್ನ ನೀಲಿ ಸೀರೆ ಉಟ್ಟಿದ್ದಳು ಹರಿಣಾ. ಹೇಗಿದ್ದಳು ಅಂದ್ರೆ..." ಎಂದ ಸ್ವರ ಅಲ್ಲಿಗೇ ನಿಂತಿತು. "ತಡಿ, ಹಾಡು ಇನ್ನೂ ಉಂಟು, ಹೇಳ್ತೇನೆ" ಎಂದಿತು. ಹಾಡು ಮುಗಿಯುವವರೆಗೂ ಬರೀ ಉಸಿರು ಕೇಳಿತು. ನಾನು ಸುಲಭಕ್ಕೆ ಅಳುವವಳಲ್ಲ. ಆವತ್ತು ಅತ್ತೆ.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಹರಿಣಾಕ್ಷಿ ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತಳು.

"ಹೆಡ್‌ಫೋನ್ ಹಾಕ್ಲಿಲ್ವಾ?" ಎಂದಳು, ಕಳ್ಳತನ ಸಿಕ್ಕಿಬಿದ್ದವರಂತೆ.

"ಇದನ್ನು ಬಿಸಾಡ್ಲಿಕ್ಕೆ ನೀನು ಹೂಂ ಅಂದದ್ದಾ?" ಎಂದು ನಾನು ಜೋರು ಮಾಡಿದೆ. ಅಳು ಬಂದಾಗ ನನಗೆ ಜೋರು ಮಾಡುವುದೇ ಗೊತ್ತು.

"ಮತ್ತೆ ಎಂತ ಮಾಡುದು ಬಾಯಿ? ಅವಳು ಅಷ್ಟು ಆಸೆಯಿಂದ ತಂದಿದ್ದಾಳೆ. ನಿನ್ನ ಮುಖ ನೋಡ್ಲಿಕ್ಕೆ ನನಗೆ ಇದು ಬೇಕು ಅಂತ ಅವಳಿಗೆ ಹೇಗೆ ಹೇಳುದು? ಅವಳಿಗೆ ಮುಟ್ಟಿದ್ರೇ ಆಗುದಿಲ್ಲ."

ಶರ್ಮಿಳಾ ಎದ್ದುಹೋಗಿ ಅಮ್ಮನ ಎರಡೂ ಕೈ ಹಿಡಿದು ತನ್ನ ಮುಖದ ಮೇಲೆ ಇಟ್ಟುಕೊಂಡಳು. ಹರಿಣಾಕ್ಷಿಯ ಬೆರಳು ನೇರವಾಗಿ ಎಡ ಹುಬ್ಬಿಗೆ ಹೋಯಿತು.

ಖಾಲಿ ಪೆಟ್ಟಿಗೆ ಹೊತ್ತು ಬಂದ ಸೇಸಪ್ಪಣ್ಣನಿಗೆ ಮನೆಯಲ್ಲಿ ಮೂರು ಹೆಂಗಸರೂ ಅಳುತ್ತಿರುವುದು ಕಂಡು ಗಾಬರಿ. ವಿಷಯ ತಿಳಿದ ಮೇಲೆ ನಾಚಿಕೆ. "ಹಾಡಿನ ಕುಣಿತ ಕೇಳಿ ನನಗೆ ಎಂತ ಆಗ್ಬೇಕು, ಶರ್ಮಿ ಹೇಗಿದ್ದಾಳೆ ಹೇಳಿ ಅಂತ ಇವಳೇ ಹೇಳಿದ್ದು" ಎಂದು ಹೆಂಡತಿಯ ಮೇಲೆ ಹಾಕಿದರು. "ನಾನು ವಾರಕ್ಕೊಮ್ಮೆ ನೋಡುವವನಲ್ವಾ ಬಾಯಿ, ಬದಲಾದದ್ದು ಬೇಗ ಗೊತ್ತಾಗ್ತದೆ."

ಇನ್ನು ಬಿಸಾಡುವ ಮಾತಿಲ್ಲ, ಎಲ್ಲವೂ ಬರಬೇಕು ಎಂದು ಮಗಳ ಹಟ. "ಎಲ್ಲಿ ಇಡುದು? ನಿನ್ನ ತಲೆ ಮೇಲಾ?" ಎಂದು ಅಪ್ಪ. ಅವರು ಹೇಳಿದ್ದೂ ಸುಳ್ಳಲ್ಲ, ಆ ಕೋಣೆಯಲ್ಲಿ ಒಂದು ಮೊರ ಇಡಲೂ ಜಾಗವಿರಲಿಲ್ಲ. ಕೊನೆಗೆ ತೀರ್ಮಾನ ಹೇಳಿದವಳು ಹರಿಣಾಕ್ಷಿ.

"ಸಿನಿಮಾ ಹೋಗ್ಲಿ. ನನಗೆ ಶರ್ಮಿ ಇರುವ ಹಾಡು ಸಾಕು."

ಹಾಗಾಗಿ ಇನ್ನೂರ ಹನ್ನೆರಡು ಕ್ಯಾಸೆಟ್, ಎರಡು ವಿಸಿಆರ್, ಮೈಕು ಎಲ್ಲವೂ ಬನಿಯಾಸ್‌ಗೆ, ನನ್ನ ತಂಗಿಯ ಹಾಲ್‌ಗೆ ಬಂದವು. ತಂಗಿಯ ಮುಖ ಗಂಟಾಯಿತು, ನಾನು ನೋಡಲಿಲ್ಲ. ಮುಂದಿನ ಎಂಟು ವಾರ, ಪ್ರತಿ ಶುಕ್ರವಾರ, ಮೂವರೂ ಬಂದು ಕೂತರು. ಒಂದರಲ್ಲಿ ಸಿನಿಮಾ ಹಾಕುವುದು, ಇನ್ನೊಂದಕ್ಕೆ ಶರ್ಮಿಯ ಹಾಡು ಮಾತ್ರ ಇಳಿಸುವುದು. ಯಾವ ಸಿನಿಮಾದಲ್ಲಿ ಶರ್ಮಿಯ ಮಾತು ಎಲ್ಲಿದೆ ಎಂದು ಹುಡುಕುವ ಕಷ್ಟವೇ ಬೀಳಲಿಲ್ಲ. ನಾನು ಹೆಸರು ಓದಿದರೆ ಹರಿಣಾಕ್ಷಿ ಹೇಳುತ್ತಿದ್ದಳು: "ಮೂರನೇ ಹಾಡು, ಅವಳಿಗೆ ಜ್ವರ ಬಂದು ಕೆನ್ನೆ ಇಳಿದದ್ದು." "ಮೊದಲನೇದು, ಕೂದಲು ಕತ್ತರಿಸಿ ಬಂದದ್ದು." ಇನ್ನೂರ ಹನ್ನೆರಡರಲ್ಲಿ ಒಂದೂ ತಪ್ಪಲಿಲ್ಲ. ಅವರಿಬ್ಬರಲ್ಲಿ ಯಾರನ್ನು ನೋಡಿ ಹೆಚ್ಚು ಬೆರಗಾಗಬೇಕೆಂದು ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಹಾಡು ಇಳಿಸಿಕೊಂಡಾದ ಕ್ಯಾಸೆಟ್ಟುಗಳು ಒಂದೊಂದಾಗಿ ಕೆಳಗಿನ ಕಸದ ಡಬ್ಬಿಗೆ ಹೋದವು. ಹದಿನೈದು ವರ್ಷಗಳ ಶರ್ಮಿಳಾ ಆರು ಕ್ಯಾಸೆಟ್ಟಿನಲ್ಲಿ ಹಿಡಿಸಿದಳು.

ಕೊನೆಯ ಶುಕ್ರವಾರ ಎಲ್ಲ ಮುಗಿದಾಗ ಆರನೆಯ ಕ್ಯಾಸೆಟ್ಟಿನಲ್ಲಿ ಹತ್ತು ನಿಮಿಷದಷ್ಟು ಜಾಗ ಉಳಿದಿತ್ತು. ಸೇಸಪ್ಪಣ್ಣ ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಮಾಡುತ್ತಿದ್ದರು.

"ನ್ಯಾನ್ಸಿ ಬಾಯಿ" ಎಂದಳು ಹರಿಣಾಕ್ಷಿ. "ಅವರು ಎಲ್ಲರನ್ನೂ ಹೇಳಿದ್ದಾರೆ. ಶರ್ಮಿಯನ್ನು, ಬೀದಿಯನ್ನು, ಹೊಸ ಬಿಲ್ಡಿಂಗುಗಳನ್ನು, ನೀವು ಪೊರಕೆ ಹಿಡಿದು ನಿಂತದ್ದನ್ನು. ತಮ್ಮನ್ನು ಮಾತ್ರ ಒಂದು ದಿನವೂ ಹೇಳಲಿಲ್ಲ. ನೀವು ಹೇಳಿ. ಶರ್ಮಿ ಹೇಳಿದ್ರೆ ಅಪ್ಪ ಅಂತ ಚಂದ ಮಾಡ್ತಾಳೆ. ನಿಮಗೆ ಯಾರ ದಾಕ್ಷಿಣ್ಯವೂ ಇಲ್ಲ."

ಶರ್ಮಿಳಾ ಮೈಕನ್ನು ನನ್ನ ಕೈಗೆ ಕೊಟ್ಟು ಗುಂಡಿ ಒತ್ತಿದಳು. ದಾಕ್ಷಿಣ್ಯವಿಲ್ಲದವಳು ಎಂದು ಕರೆಸಿಕೊಂಡ ಮೇಲೆ ಹಾಗೆಯೇ ಹೇಳಬೇಕಲ್ಲ. ತಲೆ ಪೂರ್ತಿ ಬೋಳು, ಮೀಸೆ ಬಿಳಿ, ಹೊಟ್ಟೆ ಬಂದಿದೆ, ಕೆಳಗಿನ ಒಂದು ಹಲ್ಲು ಇಲ್ಲ ಎಂದು ಶುರು ಮಾಡಿದೆ. ಹರಿಣಾಕ್ಷಿ ನಕ್ಕು ಕೈ ಅಡ್ಡ ಹಿಡಿದಳು.

"ಅದೆಲ್ಲ ನನಗೆ ಗೊತ್ತುಂಟು ಬಾಯಿ, ಕೈಗೆ ಸಿಗ್ತದಲ್ಲ. ನಾನು ಕೇಳಿದ್ದು ಅದಲ್ಲ. ನನ್ನನ್ನು ನೋಡುವಾಗ ಅವರ ಮುಖ ಹೇಗೆ ಇರ್ತದೆ?"

ಹದಿನೈದು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ. ತಿರುಗಿ ನೋಡಿದೆ.

"ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ ಹರಿಣಾಕ್ಷಿ" ಎಂದೆ ಮೈಕಿಗೆ. "ನೀನು ಕೇಳಿದ್ದು ಅವರಿಗೆ ಕೇಳಿಸಿದೆ. ನಿನ್ನನ್ನೇ ನೋಡ್ತಾ ಇದ್ದಾರೆ. ಕೈಯಲ್ಲಿ ಚಹಾದ ಲೋಟ ಉಂಟು. ಅದು ಓರೆಯಾಗಿದೆ. ಬಿಸಿ ಚಹಾ ಕಾಲಿನ ಮೇಲೆ ಬೀಳ್ತಾ ಉಂಟು, ಇನ್ನೂ ಬೀಳ್ತಾ ಉಂಟು. ಅವರಿಗೆ ಗೊತ್ತಾಗ್ಲಿಲ್ಲ."