ಭಾವನ ಹೆಸರಿನ ರಕ್ತ

ಟೈಲರ್ ಮಾಸ್ತರನಿಗೆ ಜನ ಇಟ್ಟ ಹೆಸರು ಕತ್ತರಿ. ಬಟ್ಟೆಗಿಂತ ಅವನು ಊರವರನ್ನು ಕತ್ತರಿಸಿದ್ದೇ ಹೆಚ್ಚು. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವವರ ಪೈಕಿ. ಯಾರ ಮಗ ಎಲ್ಲಿ ಮಲಗಿದ್ದ, ಯಾರ ಹೆಂಡತಿ ಯಾರನ್ನು ನೋಡಿ ನಕ್ಕಳು, ಎಲ್ಲಕ್ಕೂ ಅವನ ಬಳಿ ಅಳತೆಯಿತ್ತು.

ಕೆಮ್ಮು ಬಿಡದೆ ಕಾಡಿದಾಗ ಆಸ್ಪತ್ರೆಗೆ ಹೋದ. ಕಫದಲ್ಲಿ ಟಿಬಿ ಸಿಕ್ಕಿತು. ದುಡಿದು ದಣಿದವನಿಗೆ ಬರುವ ಮರ್ಯಾದಸ್ಥ ಕಾಯಿಲೆ ಎಂದು ಗಿರಾಕಿಗಳಿಗೆಲ್ಲ ಸಾರಿಕೊಂಡ. ಆದರೆ ನರ್ಸಮ್ಮ, "ಟಿಬಿ ಇದ್ದೋರಿಗೆಲ್ಲ ಎಚ್‌ಐವಿ ಪರೀಕ್ಷೆನೂ ಮಾಡ್ತೀವಿ. ಎರಡೂ ಇದ್ರೆ ಎರಡಕ್ಕೂ ಮಾತ್ರೆ ಕೊಡ್ಬೇಕು. ನಾಳೆ ರಕ್ತ ಕೊಡಿ," ಎಂದಳು.

"ನಾನು ಅಂಥೋನಲ್ಲಮ್ಮ!"

ಅವಳು ಹಾಗೆಂದು ಹೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಟ್ಟೆ ತರಲು ಪೇಟೆಗೆ ಹೋದಾಗಲೆಲ್ಲ ಯಾರ ಮನೆಯಲ್ಲಿ ತಂಗುತ್ತಿದ್ದನೆಂಬುದು ಅವನಿಗಷ್ಟೇ ಗೊತ್ತಿತ್ತು.

ಉಪಾಯ ಹೊಳೆಯಿತು. ಹೆಂಡತಿಯ ತಮ್ಮ ಇವನ ಅಂಗಡಿಯಲ್ಲೇ ಹೊಲಿಯುತ್ತಿದ್ದ, ಹಸುವಿನಂಥವನು. ಅವನ ಹೆಂಡತಿ ಈಗ ಬಸುರಿ.

"ಸೂಜಿ ಕಂಡ್ರೆ ನಂಗೆ ತಲೆ ಸುತ್ತುತ್ತೆ ಕಣೋ. ನನ್ನ ಹೆಸರಲ್ಲಿ ನೀನೇ ಕೊಟ್ಟು ಬಾ. ಅಲ್ಲಿ ಚೀಟಿ ನೋಡ್ತಾರೆ, ಮುಖ ನೋಡಲ್ಲ."

"ಅದಕ್ಕೇನು ಭಾವ," ಎಂದು ಅವನು ಹೋಗಿಬಂದ. ಹಾಲಿನಂಥ ರಕ್ತ ಎಂದು ಕತ್ತರಿ ನಿಶ್ಚಿಂತೆಯಿಂದ ನಿದ್ದೆ ಹೊಡೆದ.

ಬೆಳ್ಳಗಿರುವುದೆಲ್ಲ ಹಾಲಲ್ಲ. ಮಾತ್ರೆಗೆ ಹೋದಾಗ ನರ್ಸಮ್ಮ ಬಾಗಿಲು ಹಾಕಿ ಮೆತ್ತಗೆ ಹೇಳಿದಳು: "ಎಚ್‌ಐವಿ ಇದೆ. ಹೇಗೆ ಬಂತು ಅಂತ ಇಲ್ಲಿ ಯಾರೂ ಕೇಳಲ್ಲ. ದಿನಾ ಮಾತ್ರೆ ತಗೊಂಡ್ರೆ ಚೆನ್ನಾಗೇ ಬದುಕ್ತೀರಿ. ಹೆಂಡ್ತಿ ಏನಾದ್ರೂ ಬಸುರೀನಾ? ಹಾಗಿದ್ರೆ ಬೇಗ ಕರ್ಕೊಂಡು ಬನ್ನಿ. ಅವರಿಗೂ ಇದ್ರೆ, ಮಗೂಗೆ ಹತ್ತದ ಹಾಗೆ ನೋಡ್ಕೋಬಹುದು."

ಕತ್ತರಿಗೆ ಮೊದಲು ಬಂದದ್ದು ನಗು. ಅಬ್ಬಾ, ಹಸುವೂ ಬೇಲಿ ಹಾರಿದೆ! ಸೂಜಿಯಿಂದಲೂ ಬರುತ್ತದೆ, ಆಸ್ಪತ್ರೆಯಲ್ಲಿ ಹಾಕಿಸಿಕೊಂಡ ಯಾರದೋ ರಕ್ತದಿಂದಲೂ ಬರುತ್ತದೆ. ಆದರೆ ಕತ್ತರಿಗೆ ಗೊತ್ತಿದ್ದದ್ದು ಬೇಲಿಯೊಂದೇ. ಮರುಗಳಿಗೆಯೇ ನಗು ಬಿಸಿ ತುಪ್ಪವಾಯಿತು. ಬಾಯಿ ಬಿಟ್ಟರೆ ತನ್ನ ಕಳ್ಳಾಟ ಬಯಲು, ತನ್ನ ತೋಳೂ ಚಾಚಬೇಕು. ಬಿಡದಿದ್ದರೆ ಆ ಕೂಸಿನ ಗತಿ?

ಅಂಗಡಿಗೆ ಬಂದರೆ ಮೈದುನ ಮಿಕ್ಕ ಚೂರುಗಳಲ್ಲಿ ಅಂಗೈಯಗಲದ ಅಂಗಿ ಹೊಲಿಯುತ್ತಿದ್ದ. ಕತ್ತರಿ ಅವನ ಪಕ್ಕದಲ್ಲಿ ಕೂತ. ಎಲ್ಲವನ್ನೂ ಹೇಳಿಬಿಟ್ಟ.

ಮೈದುನ ಹೊಲಿಗೆ ನಿಲ್ಲಿಸಿ ಕೇಳಿದ: "ಹಾಗಾದ್ರೆ ಭಾವ, ನಿಮ್ಮ ರಕ್ತದಲ್ಲಿ ಏನಿದೆ?"

ಕತ್ತರಿ ಕೆಮ್ಮಿದ. ಒಳಗೆ ಗುಂಡಿ ಹಚ್ಚುತ್ತಿದ್ದ ಕತ್ತರಿಯ ಹೆಂಡತಿ ಎದ್ದು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ತಮ್ಮನ ಬೆನ್ನು ಸವರಿ, "ಹೋಗಿ ಅವಳನ್ನ ಕರ್ಕೊಂಡು ಬಾ. ಎಲ್ರೂ ಒಟ್ಟಿಗೆ ಆಸ್ಪತ್ರೆಗೆ ಹೋಗೋಣ," ಎಂದಳು. ಆಮೇಲೆ ಗಂಡನ ಮುಂದೆ ನಿಂತು ತನ್ನ ತೋಳು ಚಾಚಿದಳು.

"ಊರೋರ ತೋಳೆಲ್ಲ ಅಳತೆ ಮಾಡಿದ್ರಿ. ನಂದೂ ಒಂದಿದೆ ಅನ್ನೋದು ನೆನಪಿತ್ತಾ?"

ನೆನಪಿರಲಿಲ್ಲ.