ಸುಣ್ಣದ ಹಿಂದಿನ ಬೀದಿ

ಅವರ ಬೆರಳ ಸಂದಿಗಳಲ್ಲಿ ಸುಣ್ಣ ತಿಂದ ಬಿರುಕುಗಳಿದ್ದವು. ಸಾರು ತಗುಲಿದರೆ ಉರಿಯುತ್ತದೆಂದು ಮುದ್ದೆಯನ್ನು ತುದಿಬೆರಳಲ್ಲಿ ಮುರಿದು, ಅದ್ದಿ, ಗುಳುಕ್ಕನೆ ನುಂಗುತ್ತಿದ್ದರು. ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಸದಾ ನೀಲಿ. ಬಟ್ಟೆಗೆ ಹಾಕುವ ನೀಲಿಯನ್ನು ಚಿತ್ರಕ್ಕೆಂದು ಅದರಲ್ಲೇ ಕಲಸುತ್ತಿದ್ದರು.

ಗಡಿಯೂರು ಬೇರಿಕೆಯಲ್ಲಿ ನಮ್ಮ ಪಕ್ಕದ ಮನೆಯವರು. ಮನೆಗಳಿಗೆ ಸುಣ್ಣ ಹೊಡೆಯುವುದು ಕಸುಬು. ನಾನು ಮದುವೆಯಾಗಿ ಬಂದಾಗಿನಿಂದ ಮಾವ ಎಂದೇ ಕರೆದೆ. ಒಂಟಿ ಜೀವ, ಒಂದು ಹೊತ್ತಿನ ಮುದ್ದೆ ನಮ್ಮಲ್ಲಿ. ತಿಂದ ತಟ್ಟೆಯನ್ನು ತೊಳೆದಿಟ್ಟೇ ಏಳುವವರು. ಸಂಜೆ ಕೆಲಸ ಮುಗಿಸಿ ಬಂದು ತಮ್ಮ ಮನೆಯ ಒಳಗೋಡೆಗೆ ಇದ್ದಿಲು, ಕೆಮ್ಮಣ್ಣು, ಅರಿಶಿನ, ಆ ನೀಲಿ ಹಿಡಿದು ಕೂರುತ್ತಿದ್ದರು. ಮೇಯಲು ಹೊರಟ ಹಸುಗಳು, ಸೆರಗಿನ ಮೇಲೆ ಕಂಪನಿ ಬಿಲ್ಲೆ ತೂಗಿಸಿಕೊಂಡು ಬಸ್ಸಿಗೆ ಓಡುವ ಹೆಂಗಸರು. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಎಲ್ಲದರ ಮೇಲೆ ತಾವೇ ಸುಣ್ಣ ಎಳೆದುಬಿಡುತ್ತಿದ್ದರು.

"ಅಯ್ಯೋ, ಯಾಕ್ ಮಾವ ಅಳಿಸ್ಬುಟ್ರಿ?"

"ಊರೋರ್ ಗೋಡೆಯೆಲ್ಲ ಬೆಳ್ಗೈತೆ, ಸುಣ್ಣದೋನ್ ಗೋಡೆ ಮಸಿ ಮೆತ್ಕೊಂಡೈತೆ ಅಂತ ನಗಾಕಿಲ್ವಾ ಅಮ್ಮಯ್ಯ?"

ಕೊನೆಯ ವರ್ಷ ಗೋಡೆಯ ತುಂಬ ನಮ್ಮ ಬೀದಿಯನ್ನೇ ಬರೆದರು. ಬದುಕಿರುವವರು, ಹೋದವರು, ಎಲ್ಲ. ತೀರಿಹೋದ ನಮ್ಮತ್ತೆ, ನಮ್ಮ ಜಗುಲಿಯ ಮೇಲೆ ಎಲೆಅಡಿಕೆ ಕುಟ್ಟುತ್ತಾ! ಅವರದೊಂದು ಫೋಟೋ ಕೂಡ ನಮ್ಮಲ್ಲಿಲ್ಲ.

"ನಿಮ್ಮತ್ತೆ ನಿನ್ನ ಬೈಕೊಂಡ್ ಕುಂತವ್ಳೆ, ಕೇಳುಸ್ತಾ?" ಎಂದು ನಕ್ಕರು. ನಗು ಕೆಮ್ಮಾಯಿತು.

ಆ ಸಂಕ್ರಾಂತಿಗೆ ಅವರಿಗೆ ಏಣಿ ಹತ್ತಲಾಗಲಿಲ್ಲ. "ನಾನೇ ಹೊಡೀತೀನಿ, ನೀವು ಕುಂತ್ಕಳಿ ಮಾವ" ಎಂದೆ.

"ಬ್ಯಾಡ ಕಣಮ್ಮಯ್ಯ. ಈ ಸಲ ಅಂಗೇ ಇರ್ಲಿ."

ನನಗೆ ತೊಂದರೆ ಕೊಡಬಾರದೆಂದು ಹಾಗೆ ಅಂದರು ಅಂದುಕೊಂಡೆ.

ಶಿವರಾತ್ರಿ ಕಳೆದ ಮೇಲೆ ಮಾವ ಹೋಗಿಬಿಟ್ಟರು. ಹನ್ನೊಂದನೇ ದಿನಕ್ಕೆ ಸೂತಕ ಕಳೆಯಲು ಮನೆಗೆ ಸುಣ್ಣವಾಗಬೇಕು. ಅಂಚೆಟ್ಟಿಯಿಂದ ಬಂದಿದ್ದ ಅವರ ತಂಗಿ, "ಊರಿಗೆಲ್ಲ ಹೊಡೆದೋನು, ಅವನ್ ಮನೇಗ್ ಯಾರ್ ಹೊಡೀತಾರಕ್ಕಾ?" ಎಂದು ಅತ್ತಳು. ನಾನೇ ಸೆರಗು ಸಿಕ್ಕಿಸಿದೆ. ಅವರದೇ ಕುಂಚ. ಅವರು ಹೇಳಿಕೊಟ್ಟಂತೆ ಸುಣ್ಣಕ್ಕೆ ಗೋಂದು ಬೆರೆಸಿ, ಮೊದಲು ಅಡ್ಡಡ್ಡ, ಒಣಗಿದ ಮೇಲೆ ಉದ್ದುದ್ದ. ಅತ್ತೆಯ ಮುಖದ ಹತ್ತಿರ ಕೈ ನಿಂತಿತು. ಸಾವಾದ ಮನೆ, ಬಿಡುವ ಹಾಗಿಲ್ಲ ಎಂದುಕೊಂಡು ಎಳೆದೆ.

ಮರುವರ್ಷ ಮಾವನ ಹೆಸರು ಪೇಪರಿನಲ್ಲಿ ಬಂತು. ಗುಲಾಬಿ ತೋಟವೊಂದಕ್ಕೆ ಸುಣ್ಣದ ಕೆಲಸಕ್ಕೆ ಹೋಗುತ್ತಿದ್ದಾಗ, ಊಟದ ಬಿಡುವಿನಲ್ಲಿ ಅಲ್ಲಿಯ ಪಂಪ್‌ಹೌಸಿನ ಒಳಗೋಡೆಗೂ ಬರೆದಿದ್ದರಂತೆ. ಪಂಪ್‌ಹೌಸಿಗೆ ಸಂಕ್ರಾಂತಿಯಿಲ್ಲ, ಸೂತಕವಿಲ್ಲ. ಚಿತ್ರ ಉಳಿದಿತ್ತು. ತೋಟ ನೋಡಲು ಬಂದ ಯಾರೋ ತೆಗೆದ ಫೋಟೋ ಊರೂರು ತಿರುಗಿತು. ಈಗ ಅಲ್ಲಿಗೆ ಬೀಗ, ಕಾವಲುಗಾರ. ಚೆನ್ನೈ, ಬೆಂಗಳೂರಿನಿಂದ ಕಾರುಗಳು.

ಹಾಗೆ ಬಂದ ಚಿತ್ರಕಲೆಯ ಮೇಡಂ ಒಬ್ಬರು ಮನೆ ಹುಡುಕಿಕೊಂಡು ಬಂದರು. ಬಾಗಿಲು ತೆಗೆದೆ. ನಾಲ್ಕು ಕಡೆಯೂ ಬಿಳಿ.

"ಯಾರಮ್ಮಾ ವೆಳ್ಳೆ ಅಡಿಚ್ಚದು?" ಸುಣ್ಣ ಹೊಡೆದದ್ದು ಯಾರೆಂದು ತಮಿಳಿನಲ್ಲಿ ಕೇಳಿದರು.

"ನಾನೇ" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಗೋಡೆಯಲ್ಲಿ ಅತ್ತೆ ಕೂತಿದ್ದ ಜಾಗ ತೋರಿಸಿದೆ. ತೆಳ್ಳನೆಯ ಅಲಗಿನಿಂದ ಅರ್ಧ ಗಂಟೆ ಕೆರೆದರು. ಉಗುರಿನಷ್ಟು ನೀಲಿ ಇಣುಕಿತು. ಅತ್ತೆಯ ಸೀರೆ! ಅಷ್ಟರಲ್ಲಿ ಸುಣ್ಣದ ಜೊತೆಗೇ ಆ ನೀಲಿಯೂ ಹಕ್ಕಳೆಯಾಗಿ ಎದ್ದು ಅವರ ಅಂಗೈಗೆ ಬಿತ್ತು. ಹಿಂದೆ ಬರೀ ಮಣ್ಣು.

ಸುಣ್ಣ ತುಂಬ ಗಟ್ಟಿಯಾಗಿ ಹಿಡಿದಿದೆ, ಏನೂ ಮಾಡಲಾಗದು ಎಂದು ಅಲಗು ಒರೆಸಿ ಒಳಗಿಟ್ಟರು. ಹಿಡಿಯದೆ ಇನ್ನೇನು? ಕಲಿಸಿದವರು ಮಾವ.

ಮೊನ್ನೆ ಅವರ ತಂಗಿ ಫೋನು ಮಾಡಿದ್ದಳು. "ಅಕ್ಕಾ, ಹಬ್ಬ ಬಂತು. ಅಣ್ಣನ್ ಮನೆ ನೋಡಾಕ್ ದೊಡ್ಡೋರೆಲ್ಲ ಬತ್ತಾವ್ರಂತೆ. ಗೋಡೆ ಕಿತ್ತೋಗೈತಂತಲ್ಲ, ಒಂದ್ ಕೈ ಸುಣ್ಣ ಹೊಡುಸ್ಬುಡಕ್ಕಾ."

ಕೆರೆದ ಗುರುತಿನ ಮುಂದೆ ನಿಂತೇ ಮಾತಾಡುತ್ತಿದ್ದೆ.

"ಬ್ಯಾಡ ಕಣಮ್ಮ" ಎಂದೆ. "ಈ ಸಲ ಅಂಗೇ ಇರ್ಲಿ."